ಹಾಯಿಗೊಂದು ದಡಿ

ರಬಕವಿ, ಬನಹಟ್ಟಿ ಮತ್ತು ಸುತ್ತಮುತ್ತಲಿನ ಸಮಸ್ತ ನೇಕಾರ ಬಾಂಧವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಮಂಗಳವಾರ ಮುಂಜಾನೆ ಸರಿಯಾಗಿ ಎಂಟೂವರೆಗೆ, ದಿವಂಗತ ಶಿದ್ರಾಮಪ್ಪನವರ ಏಕಮಾತ್ರ ಸುಪುತ್ರ ಪರಮಾನಂದನು ತನ್ನ ನೀಲಿ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡಿರುತ್ತಾನೆ. ಸಾರ್ವಜನಿಕರು ಗಾಬರಿಯಾಗಬಾರದಾಗಿ ವಿನಂತಿ.

ಗಾಬರಿಗೆ ಕಾರಣವಿತ್ತು. ಮಗ್ಗದ ಮನೆಯಲ್ಲಿ ಇಸ್ತ್ರಿ ಅಂಗಿ ತೊಡುವವರಿಲ್ಲ. ಹತ್ತಿಯ ಧೂಳು ಹಾರಿ ಹಾರಿ, ಮಧ್ಯಾಹ್ನದೊಳಗೆ ಎಂಥವನ ಮೀಸೆಯೂ ಅರವತ್ತು ದಾಟಿದಂತೆ ಬೆಳ್ಳಗಾಗುವ ಜಾಗ ಅದು. ಮೂವತ್ತೊಂದು ವರ್ಷದ ಪರಮಾನಂದ ಇಷ್ಟು ದಿನ ಬನಿಯನ್ನಿನಲ್ಲೇ ಕೂತು ಸೀರೆ ನೇಯ್ದವನು.

"ಯಾರರ ಸತ್ತಾರೇನೋ?" ಪಕ್ಕದ ಮಗ್ಗದ ಹುಲೆಪ್ಪ ಕೇಳಿದ.

"ಇಲ್ಲ."

"ಮದುವಿ ಐತಿ?"

"ಇಲ್ಲ."

"ಎರಡೂ ಇಲ್ಲಂದ್ರ ಜಮಖಂಡಿ ಬಸ್ ಐತಿ," ಎಂದು ಹುಲೆಪ್ಪ ತೀರ್ಪು ಕೊಟ್ಟು ಮತ್ತೆ ನೇಯತೊಡಗಿದ.

ತೀರ್ಪು ಸರಿಯಾಗಿಯೇ ಇತ್ತು.

ಆ ಬಸ್ಸಿನ ಕಥೆ ಶುರುವಾದದ್ದು ಆರು ವಾರದ ಹಿಂದೆ, ಒಂದು ವಾಟ್ಸಾಪ್ ಮೆಸೇಜಿನಿಂದ. ಗುರುತಿಲ್ಲದ ನಂಬರ್. ಫೋಟೋದಲ್ಲಿ ಗಾಳಿಗೆ ಕೂದಲು ಹಾರಿಸಿಕೊಂಡು ನಿಂತ ಒಬ್ಬ ಹುಡುಗಿ, ಹಿಂದೆ ನೀಲಿ ನೀರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು: ಹಾಯಿ ಬೇಕಾಗೇದ್ರಿ.

ಹೆಣ್ಣುಮಕ್ಕಳು ತಾವಾಗಿ 'ಹಾಯ್' ಅನ್ನುವುದು ಪರಮಾನಂದನ ಜೀವನದಲ್ಲಿ ಹೊಸದು. ಬೆರಳು ಒರೆಸಿಕೊಂಡು ಉತ್ತರ ಒತ್ತಿದ: ಹಾಯ್. ಏನು ಬೇಕಾಗೇತ್ರಿ?

ಹಾಯಿ.

ಹಾಯ್ ರೀ. ಖರೇ ಹೇಳ್ರಿ, ಏನು ಬೇಕು?

ಅದನ್ನ ಹೇಳ್ಲಿಕ್ಕೆ ಹತ್ತೇನಿ. ಹಾಯಿ!

ಹಾಯ್ ಹಾಯ್.

ಫೋನೇ ಬಡಿದುಕೊಂಡಿತು. "ನೀವು ನೇಕಾರರೋ, ಗಿಳಿಯೋ? ದೋಣಿ ಹಾಯಿ ಕೇಳ್ಲಿಕ್ಕೆ ಹತ್ತೇನ್ರಿ! ಗಾಳಿ ಹಿಡಿಯೋ ಬಟ್ಟಿ!"

"ಹಂಗರಿ?" ಎಂದ ಪರಮಾನಂದ, ಕಿವಿಯ ತನಕ ಕೆಂಪಾಗಿ. "ನಮ್ಮ ಕಡೆ ಹಾಯೂದಂದ್ರ ಎತ್ತು ಹಾಯೂದ ನೋಡ್ರಿ. ತಪ್ಪು ತಿಳಕೋಬ್ಯಾಡ್ರಿ."

ಆ ಕಡೆಯಿಂದ ಬಂದ ನಗು ಅವನ ಕಿವಿಯಲ್ಲಿ ಕೂತು, ಮತ್ತೆ ಎದ್ದು ಹೋಗಲಿಲ್ಲ.

ಮರುದಿನ ಅವಳೇ ಬಂದಳು. ಹೆಸರು ಕೇತಕಿ. ಮನೆ ಜಮಖಂಡಿ. ಅಪ್ಪ ರಘುವೀರರಾಯರು ಕೋರ್ಟಿನಲ್ಲಿ ಗುಮಾಸ್ತರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ, ಸಿಟ್ಟು ಬಂದರೆ ಎರಡೂ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯ ಕ್ಯಾಂಪಿಗೆಂದು ಕಾರವಾರಕ್ಕೆ ಹೋಗಿ ಹಾಯಿದೋಣಿ ಹತ್ತಿದವಳು, ಮನಸ್ಸಿನಿಂದ ಇನ್ನೂ ಇಳಿದಿರಲಿಲ್ಲ. ಈಗ ನೌಕಾಪಡೆಯ ನಿವೃತ್ತ ಅಧಿಕಾರಿ ಬಾಳಾಸಾಹೇಬರ ಮರದ ದೋಣಿಯಲ್ಲಿ ಬರೀ ನಾಲ್ಕು ಜನ ಕಾರವಾರದಿಂದ ಹೊರಟು, ಗಾಳಿಯ ಬಲದ ಮೇಲೆ ಸಮುದ್ರ ದಾಟಿ, ಆಫ್ರಿಕಾದ ಕೆಳತುದಿ ಮುಟ್ಟಬೇಕು. ಹಳೆಯ ಕಾಲದವರಂತೆ ಹತ್ತಿಯ ಹಾಯಿಯಲ್ಲೇ ಆಗಬೇಕು, ಪ್ಲಾಸ್ಟಿಕ್ ಬಟ್ಟೆ ದೋಣಿ ಹತ್ತಕೂಡದು. ಇದು ಬಾಳಾಸಾಹೇಬರ ಹಟ.

"ರಬಕವಿ ಯಾಕ ನೆನಪಾತ್ರಿ?" ಪರಮಾನಂದ ಕೇಳಿದ.

"ನಮ್ಮ ಅಜ್ಜಿ ಹತ್ರ ಇಲ್ಲಿದೊಂದು ಸೀರಿ ಇತ್ತು. ಐವತ್ತು ವರ್ಷ ಉಟ್ಟಳು. ಅಜ್ಜಿ ಹೋದಳು, ಸೀರಿ ಹರೀಲಿಲ್ಲ."

ನೇಕಾರನಿಗೆ ಇದಕ್ಕಿಂತ ದೊಡ್ಡ ಮಾತು ಯಾವ ಹುಡುಗಿಯೂ ಹೇಳಲಾರಳು. ಪರಮಾನಂದ ನೇರ ವ್ಯವಹಾರಕ್ಕೆ ಬಂದ. "ಎಷ್ಟು ವಾರ ಬೇಕ್ರಿ?"

"ಒಂಬತ್ತು ವಾರ."

ಮೂಲೆಯಲ್ಲಿ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವನ ತಾಯಿ ರತ್ನಾಬಾಯಿ ತಲೆ ಎತ್ತಿದಳು. "ಒಂಬತ್ತು ವಾರದ ಸೀರಿಯಾ? ಮದುವಿ ನಿಂದೇನವ್ವ?"

"ಅಲ್ರಿ ಅವ್ವಾರ. ಸಮುದ್ರ ದಾಟ್ಲಿಕ್ಕೆ."

"ಅಯ್ಯ ಶಿವನ! ಒಂಬತ್ತು ವಾರದ್ದು ಉಟಗೊಂಡು ಸಮುದ್ರ ದಾಟ್ತೀ?"

ಪರಮಾನಂದನಿಗೂ ಗೊಂದಲ. "ಅಂದ್ರ, ದೋಣಿಗೆ ಕಚ್ಚಿ ಹಾಕಿ ಉಡಸ್ತೀರೇನ್ರಿ?"

ಕೇತಕಿ ಹೊಟ್ಟೆ ಹಿಡಿದುಕೊಂಡು ಅಲ್ಲೇ ನೂಲಿನ ಚೀಲದ ಮೇಲೆ ಕೂತುಬಿಟ್ಟಳು. ಅವಳು ಹೇಳಿದ್ದು ದಾಟಲು ಹಿಡಿಯುವ ವಾರ. ಅವನು ಕೇಳಿದ್ದು ಬಟ್ಟೆ ಅಳೆಯುವ ವಾರ, ಅಂದರೆ ಗಜ. ಬಟ್ಟೆ ಬೇಕಾದದ್ದು ನೂರಾ ಇಪ್ಪತ್ತು ವಾರ.

ಅರಿವೆ ಅಳೆಯಲಿಕ್ಕೂ ಅಗಲಿಕೆ ಅಳೆಯಲಿಕ್ಕೂ ಒಂದೇ ಮಾತು ಇಟ್ಟ ಪುಣ್ಯಾತ್ಮ ಯಾರೋ, ಅವನು ಮಗ್ಗದ ಮೇಲೆ ಕೂತು ಯಾರನ್ನೂ ಪ್ರೀತಿಸಿರಲಾರ.

ಹಾಯಿಗೆ ಬೇಕಾದಷ್ಟು ದಪ್ಪದ ಬಟ್ಟೆ ಮನೆಯ ಪಾವರ್‌ಲೂಮಿಗೆ ಒಗ್ಗಲಿಲ್ಲ. ಪರಮಾನಂದ ಅಪ್ಪನ ಹಳೆಯ ಕುಣಿಮಗ್ಗದ ಧೂಳು ಜಾಡಿಸಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಕೇತಕಿ ಪ್ರತಿ ಮಂಗಳವಾರ ಬಂದು ನೋಡಿಕೊಂಡು ಹೋಗುವುದೆಂದು ಠರಾವಾಯಿತು.

ಅವಳದೊಂದು ಪರೀಕ್ಷೆಯಿತ್ತು. ಬಟ್ಟೆಯ ಒಂದು ಬದಿಗೆ ಬಾಯಿ ಹಚ್ಚಿ ಜೋರಾಗಿ ಊದುವುದು. ಇನ್ನೊಂದು ಬದಿಗೆ ಉಸಿರು ದಾಟಿ ಬರುತ್ತದೋ ಎಂದು ಇನ್ನೊಬ್ಬರು ನೋಡುವುದು. ರತ್ನಾಬಾಯಿಗೆ ನೂಲು ಸುತ್ತುವ ಕೆಲಸ, ಹುಲೆಪ್ಪನಿಗೆ ನಗುವ ಕೆಲಸ. ಇನ್ನೊಬ್ಬ ಅಂದರೆ ಉಳಿದವನು ಒಬ್ಬನೇ.

ಮೊದಲ ಸಲ ಅವನು ಅಂಗೈ ಒಡ್ಡಿದ. "ಗೊತ್ತಾಗವಲ್ದರಿ. ಕೈ ದಡ್ಡುಗಟ್ಟ್ಯಾವು."

"ಹಂಗಿದ್ರ ಗಲ್ಲ ಹಚ್ಚರಿ."

ಗಲ್ಲ ಹಚ್ಚಿದ. ನಡುವೆ ಒಂದೇ ಪದರು ಬಿಳಿ ಬಟ್ಟೆ. ಆ ಬದಿಯಿಂದ ಬೆಚ್ಚನೆಯದೊಂದು ಬಂದು ತಾಗಿತು. ಪರಮಾನಂದ ಕಣ್ಣು ಮುಚ್ಚಿದ. ಮುಚ್ಚಬಾರದಿತ್ತು, ಹುಲೆಪ್ಪ ನೋಡುತ್ತಿದ್ದ.

"ಬಂತೇನ್ರಿ?" ಬಟ್ಟೆಯ ಆಚೆಯಿಂದ ದನಿ.

"ಬಂತ್ರಿ."

"ಎಷ್ಟು?"

ಎಷ್ಟೆಂದು ಹೇಳುವುದು? "ಭಾಳ ಬಂತ್ರಿ."

"ಫೇಲ್," ಎಂದಳು ಕೇತಕಿ, ಬಟ್ಟೆ ಸರಿಸಿ, ಮಾಸ್ತರಂತೆ ಹುಬ್ಬು ಏರಿಸಿ. "ಇನ್ನೂ ಬಿಗಿ ನೇಯ್ರಿ. ಗಾಳಿ ಹಿಂಗ ದಾಟಿ ಹೋದ್ರ ನಾವು ದಾಟೂದು ಯಾವಾಗ?"

ಬಿಗಿ ನೇಯ್ದ. ಎರಡನೇ ಮಂಗಳವಾರ ಉಸಿರು ಎಳೆಯಷ್ಟು ಬಂತು. ಮೂರನೆಯದಕ್ಕೆ, ಬಂತೋ ಬರಲಿಲ್ಲವೋ ಅನ್ನುವಷ್ಟು. ನಾಲ್ಕನೇ ಮಂಗಳವಾರ ಅವಳು ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ಬರುವ ತನಕ ಊದಿದಳು. ಅವನ ಗಲ್ಲ ತಣ್ಣಗೆ ಹಾಗೇ ಇತ್ತು.

"ಪಾಸ್!" ಎಂದು ಚಪ್ಪಾಳೆ ತಟ್ಟಿದಳು.

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಾಗಲೂ ಪರಮಾನಂದನಿಗೆ ಇಷ್ಟು ಸಂಕಟ ಆಗಿರಲಿಲ್ಲ.

ಆಮೇಲೆ ಅವನ ಕೈ ನಿಧಾನವಾಯಿತು. ಬೇಕೆಂದು ಮಾಡಿದ್ದಲ್ಲ, ಕೈಗೇ ಲೆಕ್ಕ ಹತ್ತಿತ್ತು. ಲಾಳಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡಿದಂತೆಲ್ಲ ಬಟ್ಟೆ ಬೆಳೆಯುತ್ತದೆ, ಬಟ್ಟೆ ಬೆಳೆದಂತೆಲ್ಲ ಅವಳು ಹೊರಡುವ ದಿನ ಹತ್ತಿರವಾಗುತ್ತದೆ. ತನ್ನನ್ನು ಬಿಟ್ಟು ಹೋಗುವ ದಾರಿಯನ್ನು ತಾನೇ ದಿನಕ್ಕೆರಡು ಮೊಳ ನೇಯ್ದು ಕೊಡುವ ಕೆಲಸ ಯಾವ ವೈರಿಗೂ ಬೇಡ.

ಇಸ್ತ್ರಿ ಅಂಗಿಯ ಆ ಮಂಗಳವಾರ ಬಸ್ಸು ತಡವಾಯಿತು. ಸಕ್ಕರೆ ಕಾರ್ಖಾನೆಗಳು ಶುರುವಾಗಿ ಸಮೀರವಾಡಿ ಕಡೆಯ ರಸ್ತೆಗಳಲ್ಲೆಲ್ಲ ಕಬ್ಬಿನ ಟ್ರ್ಯಾಕ್ಟರ್ ಸಾಲು. ಹನ್ನೊಂದಕ್ಕೆ ಬರಬೇಕಾದ ಕೇತಕಿ ಒಂದು ಗಂಟೆಗೆ ಬಂದಳು. ಅಷ್ಟೊತ್ತಿಗೆ ನೀಲಿ ಅಂಗಿ ಹತ್ತಿಯ ಧೂಳಿನಿಂದ ಬಿಳಿ ಅಂಗಿಯಾಗಿತ್ತು. ಅವಳು ಅದನ್ನು ನೋಡಿದಳು, ಇಸ್ತ್ರಿಯ ಗೆರೆ ನೋಡಿದಳು, ತುಟಿ ಕಚ್ಚಿಕೊಂಡು ನಗು ನುಂಗಿದಳು.

ಆಮೇಲೆ ಬಟ್ಟೆ ನೋಡಿದಳು. ನಗು ಹೋಯಿತು.

"ಮೊದಲನೇ ವಾರ ಹದಿನೆಂಟು ವಾರ ನೇಯ್ದಿದ್ರಿ. ಈ ವಾರ ಆರ ವಾರ?"

"ಹ್ಞೂಂ ರಿ."

"ಮಗ್ಗ ಕೆಟ್ಟದೇನು?"

"ಇಲ್ರಿ, ಮಗ್ಗ ಛಲೋ ಅದರಿ."

ಹುಲೆಪ್ಪ ತನ್ನ ಮಗ್ಗವನ್ನೇ ನಿಲ್ಲಿಸಿಬಿಟ್ಟ. "ಏನಂದಿ? 'ಅದ'? ಹುಟ್ಟಿದಾಗಿಂದ 'ಐತಿ' ಅನ್ನಾವ, ಯಾವಾಗಿಂದ ಲೇ ಜಮಖಂಡಿ ರಾಯ ಆದಿ?"

ಪರಮಾನಂದ ಕುಣಿಯಲ್ಲಿ ಇನ್ನೂ ಆಳಕ್ಕೆ ಇಳಿಯಲು ಜಾಗ ಹುಡುಕಿದ. ಕೇತಕಿ ಬಟ್ಟೆಯ ಮೇಲೆ ಬೆರಳಾಡಿಸುತ್ತ, ಮುಖ ಎತ್ತದೆ ಮೆಲ್ಲಗೆ ಕೇಳಿದಳು: "ಮಗ್ಗ ಛಲೋ ಐತಿ ಅಂದ್ರ, ನೇಯೋರಿಗೆ ಏನಾಗೇತಿ?"

ಅವಳ ಬಾಯಲ್ಲಿ ಅವನ 'ಐತಿ'. ಹುಲೆಪ್ಪನಿಗೆ ಆಗ ಮಾತ್ರ ಚಹಾ ಕುಡಿಯುವ ನೆನಪಾಗಿ ಹೊರಗೆ ಹೋದ. ದೊಡ್ಡ ಮನುಷ್ಯ.

"ಏನಾಗಿಲ್ರಿ," ಎಂದ ಪರಮಾನಂದ.

"ಪರಮಾನಂದ ಅವರ, ಒಂದು ಮಾತು ಹೇಳ್ತೇನಿ. ಡಿಸೆಂಬರ್‌ನ್ಯಾಗ ನಮಗ ಬೇಕಾದ ಗಾಳಿ ಏಳ್ತದ. ಅದು ತಪ್ಪಿದ್ರ ಒಂದು ವರ್ಷ ಕೂಡಬೇಕು. ಒಂದು ವರ್ಷ ಕೂತ್ರ ನಮ್ಮಪ್ಪ ನನ್ನ ಯಾವನರ ಇಂಜಿನಿಯರಿಗೆ ಕಟ್ಟಿ, ದೋಣಿ ಫೋಟೋ ಗೋಡಿಗೆ ಹಾಕ್ತಾರ. ನಾ ಒಂದ ಸಲ ದಾಟಬೇಕ್ರಿ. ದಾಟಿದಾಕಿ ಅಂತ ನನಗ ನಾ ಅನ್ನಿಸಿಕೊಳ್ಳಬೇಕು. ಆಮ್ಯಾಲೆ ಎಲ್ಲಿರು ಅಂದ್ರ ಅಲ್ಲಿ ಇರ್ತೇನಿ."

ಕೊನೆಯ ಮಾತು ಹೇಳುವಾಗ ಅವಳು ನೋಡುತ್ತಿದ್ದದ್ದು ಬಟ್ಟೆಯನ್ನೋ, ಅದರ ಮೇಲಿದ್ದ ಅವನ ಕೈಯನ್ನೋ, ಪರಮಾನಂದನಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ: ನಿಧಾನ ನೇಯ್ದರೆ ಇವಳು ಉಳಿಯುತ್ತಾಳೆ, ಆದರೆ ಉಳಿದವಳು ಇವಳಾಗಿರುವುದಿಲ್ಲ.

"ಮುಂದಿನ ಮಂಗಳವಾರ ಬರೂದ್ರೊಳಗ ಇಪ್ಪತ್ತು ವಾರ ಆಗಿರ್ತೈತ್ರಿ," ಎಂದ.

ಆಯಿತು ಕೂಡ. ಕುಣಿಮಗ್ಗದ ಸಪ್ಪಳಕ್ಕೆ ಓಣಿಯವರು ಬಂದು ಬಂದು ಇಣುಕಿದರು. ಬಿಡುವಿಲ್ಲದೆ ಲಾಳಿ ಓಡಿತು, ಓಡುವ ಲಾಳಿಯ ಹಿಂದೆ ಅವನ ಜೀವ ಓಡಿತು. ಅವಳು ಬೇಗ ಹೋಗಲೆಂದು ಅವನಷ್ಟು ದುಡಿದವರಿಲ್ಲ. ಹೋಗಬಾರದೆಂದು ಅವನಷ್ಟು ಬೇಡಿಕೊಂಡವರೂ ಇಲ್ಲ.

ಕೊನೆಯ ಪಟ್ಟಿ ಉಳಿದಾಗ ಕೇತಕಿಯನ್ನು ಕೇಳಿದ: "ಇದು ಹಾಯಿಯೊಳಗ ಎಲ್ಲಿ ಬರ್ತೈತ್ರಿ?"

"ತುದೀಗೆ. ಎಲ್ಲಾ ಪಟ್ಟಿ ಜೋಡಿಸಿದ ಮ್ಯಾಲೆ ಇದರ ಅಂಚ ಹಾಯಿ ಅಂಚು. ನಾ ಚುಕ್ಕಾಣಿ ಹಿಡಕೊಂಡು ಕೂತ್ರ ಅದು ಕಣ್ಣ ಮುಂದ ಇರ್ತದ, ದಿನಾ."

ದಿನಾ. ಕಣ್ಣ ಮುಂದೆ. ಒಂಬತ್ತು ವಾರ.

ಮಹಾಯೋಜನೆ ಅಲ್ಲೇ ಹುಟ್ಟಿತು. ಬಾಯಿ ಬಿಟ್ಟು ಹೇಳಲಾಗದ್ದನ್ನು ಬಟ್ಟೆಯ ಅಂಚಿನಲ್ಲಿ ನೇಯ್ದುಬಿಡುವುದು. ಬಿಳಿಯ ಮೇಲೆ ಬಿಳಿ ನೂಲು. ಕೈಯಲ್ಲಿ ಹಿಡಿದರೆ ಯಾರಿಗೂ ಕಾಣದು. ನಡುಸಮುದ್ರದಲ್ಲಿ, ಹಾಯಿಯ ಹಿಂದೆ ಸೂರ್ಯ ಬಂದಾಗ ಮಾತ್ರ ಬೆಳಕಿಗೆ ಅಕ್ಷರ ಮೂಡಬೇಕು. ಅಲ್ಲಿ ಹುಲೆಪ್ಪ ಇರುವುದಿಲ್ಲ, ರಘುವೀರರಾಯರು ಇರುವುದಿಲ್ಲ, ಓಡಿ ಹೋಗಲು ಅವಳಿಗೆ ಜಾಗವೂ ಇರುವುದಿಲ್ಲ.

ಸೀರೆಯ ದಡಿಗೆ, ಅಂದರೆ ಅಂಚಿನ ಚಿತ್ತಾರಕ್ಕೆ, ಬಳಸುವ ಜಕಾರ್ಡ್ ಯಂತ್ರವನ್ನು ಮಗ್ಗದ ಮೇಲೆ ಏರಿಸಿದ. ಅಕ್ಷರಕ್ಕೆ ತಕ್ಕಂತೆ ರಟ್ಟಿನ ಕಾರ್ಡುಗಳಿಗೆ ತಾನೇ ತೂತು ಹೊಡೆದ. ತೂತು ನೋಡಿಯೇ ಓದಬಲ್ಲ ಹುಲೆಪ್ಪ ಹಿಂದಿನಿಂದ ಬಂದು ಓದಿಯೂ ಬಿಟ್ಟ.

"'ಕೇತಕಿ, ತಿರುಗಿ ಬಾ.' ಲೇ, 'ಬಾ' ಏನೋ? 'ಬರ್ರಿ' ಅಂತ ಹಾಕು. ಕೋರ್ಟಿನ ಮಂದಿ, ಮರ್ಯಾದಿ ಕೇಳ್ತಾರ."

"ರೀ ಹಚ್ಚಿದ್ರ ಎಂಟು ಅಕ್ಷರ ಆಗ್ತಾವು. ಏಳ ಇರ್ಲಿ."

"ಏಳ ಯಾಕ?"

"ಸಮುದ್ರ ಏಳ ಅಲ್ಲೇನು?"

ಇದು ನೆಪ. ಎದುರಿಗೆ ನಿಂತಾಗ ಪ್ರತಿ ಮಾತಿನ ಬಾಲಕ್ಕೂ ಒಂದು 'ರೀ' ಅಂಟಿಕೊಳ್ಳುತ್ತಿತ್ತು. ಅದನ್ನು ಕಿತ್ತೆಸೆದು ಅವಳನ್ನು ಒಂದು ಸಲ, ಒಂದೇ ಸಲ, 'ಬಾ' ಅನ್ನಬೇಕು. ಅವನ ಪ್ರೇಮವೆಲ್ಲ ಆ ಒಂದು ಅಕ್ಷರ ಬಿಟ್ಟುಬಿಡುವುದರಲ್ಲಿತ್ತು.

ರತ್ನಾಬಾಯಿ ದಿಟ್ಟಿಸಿದಳು. "ಹಾಯಿಗೆ ದಡಿ ಯಾಕೋ?"

"ದಡ ಮುಟ್ಟಬೇಕಂದ್ರ ದಡಿ ಬೇಕ ಬೇ ಯವ್ವಾ."

"ಅವರ ಮನ್ಯಾಗ ಮರಾಠಿ, ನಮ್ಮ ಮನ್ಯಾಗ ಮಗ್ಗ. ಹೆಂಗ ಕೂಡ್ತಾವೋ?" ಎಂದಳು. ಎಂದವಳು ದಡಿಗೆ ಬೇಕಾದ ಬಿಳಿ ನೂಲನ್ನು, ಕೇಳದೆಯೇ, ಸುತ್ತಿ ತಂದಿಟ್ಟಳು.

ಇಡೀ ಅಂಚಿನುದ್ದಕ್ಕೂ ಮೇಲಿಂದ ಕೆಳಗೆ ಅದೇ ಏಳು ಅಕ್ಷರ, ಮತ್ತೆ ಮತ್ತೆ. ಕೇತಕಿ ಜೀಪು ತಂದು ಸುರುಳಿ ಒಯ್ದಳು. ಬಿಚ್ಚಿ ನೋಡಲಿಲ್ಲ.

ಹದಿನೈದು ದಿನದ ಮೇಲೆ, ಹೊರಡುವ ದಿನ, ಪರಮಾನಂದ ಕಾರವಾರಕ್ಕೆ ಹೋದ. ಸಮುದ್ರ ನೋಡಿದ್ದು ಅದೇ ಮೊದಲು. ಕೇತಕಿ ದೋಣಿ ಕಟ್ಟುವ ಧಕ್ಕೆಯ ಮೇಲಿಂದ ಓಡಿ ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿದ್ದವು.

"ಹೆಂಗ ಅನಿಸ್ತು ಸಮುದ್ರ?"

"ಯಾರೋ ದೊಡ್ಡ ಹಾಸು ಹಾಸಿ ಇಟ್ಟಾರ್ರಿ. ಹೊಕ್ಕು ಹಾಕೂರ ಇಲ್ಲ."

"ನಾವು ಹೊಂಟೇವಲ್ಲ, ಲಾಳಿ ಹಂಗ."

ಇಬ್ಬರೂ ನಕ್ಕರು.

"ಹಾಯಿ ಎಲ್ಲ್ಯಾರ ಹರಿದ್ರ," ಎಂದಳು ಅವಳು, ಹಗ್ಗದ ತುದಿ ಬೆರಳಿಗೆ ಸುತ್ತುತ್ತ, "ರಿಪೇರಿಗೆ ಸೀದಾ ರಬಕವಿಗೆ ಬರ್ತೇನಿ ನೋಡ್ರಿ."

"ಹರಿಯೂದಿಲ್ರಿ."

ಬಾಯಿ ತಪ್ಪಿ ಬಿದ್ದೇಹೋಯಿತು. ಪ್ರೇಮಿ ಬಾಯಿ ತೆರೆಯುವ ಮೊದಲೇ ನೇಕಾರ ಗ್ಯಾರಂಟಿ ಕೊಟ್ಟುಬಿಟ್ಟಿದ್ದ.

ಕೇತಕಿ ಅವನನ್ನೇ ನೋಡಿದಳು. ಆ ನೋಟದಲ್ಲಿ ಅರ್ಧ ಸಿಟ್ಟು, ಅರ್ಧ ಮತ್ತೇನೋ. "ಹರೀದಿದ್ರ ಬರಬಾರದೇನ್ರಿ?"

"ಬರ್ರಿ," ಎಂದ. "ಬರ್ರಿ... ಅಂದ್ರ..."

"ಕೇತಕೀ! ಚಲಾ!" ದೋಣಿಯಿಂದ ಬಾಳಾಸಾಹೇಬರ ಗುಡುಗು.

ಅವಳು ಎರಡು ಹೆಜ್ಜೆ ಓಡಿ, ತಿರುಗಿ ನಿಂತಳು. "ನಾ ಬರೂ ತನಕ ಆ ಕುಣಿಮಗ್ಗದ ಮ್ಯಾಲೆ ಬ್ಯಾರೆ ಯಾರಿಗೂ ಏನೂ ನೇಯಬ್ಯಾಡ್ರಿ. ತಿಳೀತಿಲ್ಲೋ?"

ತಿಳಿಯಿತು. ತಿಳಿದದ್ದಕ್ಕೆ ಉತ್ತರ ಹೇಳುವಷ್ಟರಲ್ಲಿ ಅವಳು ದೋಣಿಯಲ್ಲಿದ್ದಳು. ಇರಲಿ, ಅಂದುಕೊಂಡ. ಉತ್ತರ ಅವಳ ತಲೆಯ ಮೇಲೇ ಇದೆ. ಇಂದಲ್ಲ ನಾಳೆ ಹಾಯಿಯ ಹಿಂದೆ ಸೂರ್ಯ ಬರುತ್ತಾನೆ. ಮಿಕ್ಕದ್ದನ್ನು ಆ ಅಂಚೇ ಹೇಳುತ್ತದೆ, 'ರೀ' ಇಲ್ಲದೆ.

ಹಾಯಿ ಏರಿತು. ಗಾಳಿ ತುಂಬಿ ಉಬ್ಬಿತು. ಅವನು ನೇಯ್ದ ನೂರಾ ಇಪ್ಪತ್ತು ವಾರವೂ ಒಟ್ಟಿಗೆ ಎದೆ ತೆರೆದು ನಿಂತಂತೆ ಕಂಡಿತು. ಬಿಸಿಲು ಸರಿಯಾಗಿ ಹಿಂದಿನಿಂದಲೇ ಬೀಳುತ್ತಿತ್ತು. ಪರಮಾನಂದ ಕಣ್ಣು ಕಿರಿದು ಮಾಡಿ ಅಂಚು ಹುಡುಕಿದ. ಮೇಲಿಂದ ಕೆಳಗೆ ಹುಡುಕಿದ. ಒಂದು ಅಕ್ಷರವೂ ಇಲ್ಲ. ತುದಿಯಲ್ಲಿ ಬೆಳಕು ದಾಟದ ದಪ್ಪನೆಯದೊಂದು ಕಪ್ಪು ಪಟ್ಟಿ ಮಾತ್ರ.

ಪಕ್ಕದಲ್ಲಿ ಹಾಯಿ ಹೊಲಿದ ಕಾರವಾರದ ಮುದುಕ ಬೀಡಿ ಸೇದುತ್ತ ನಿಂತಿದ್ದ. ಪರಮಾನಂದ ಅವನ ತೋಳು ಹಿಡಿದ. "ಯಜಮಾನ್ರ, ಅಂಚು ಎಲ್ಲಿ ಹೋತ್ರಿ?"

"ಅಂಚು ಒಳಗೆ."

"ಒಳಗಂದ್ರ?"

"ಎರಡು ಇಂಚು ಮಡಚಿ, ಮತ್ತೆ ಮಡಚಿ, ನಡುವೆ ಹಗ್ಗ ಇಟ್ಟು, ಮೂರು ಸಾಲು ಹೊಲಿಗೆ. ಹಾಯಿ ಅಂದಮೇಲೆ ಹಾಗೇ. ಅಂಚು ಹೊರಗೆ ಬಿಡೂಕೆ ಅದೆಂತ ಸೀರೆಯಾ?" ಮುದುಕ ಹೊಗೆ ಬಿಟ್ಟ. "ಆ ಅಂಚಲ್ಲಿ ಎಂತದೋ ಗಂಟುಗಂಟು ಇತ್ತು, ಸೂಜಿಯೇ ಹೋಗ್ತಿರ್ಲಿಲ್ಲ. ಆ ಹುಡುಗಿಯೇ ಕೂತು ಹೊಲಿದ್ಲು, ಎರಡು ದಿವಸ."

"ಬಿಸಲಿಗೆ ಹಿಡದ್ರ ಕಾಣೂದಿಲ್ಲೇನ್ರಿ?"

"ಸೂರ್ಯ ಇಳಿದು ಬಂದು ಇಣುಕಿದ್ರೂ ಕಾಣೂದಿಲ್ಲ. ಹರಿದ್ರೆ ಮಾತ್ರ ಕಂಡೀತು." ಮುದುಕ ಅವನ ಮುಖ ನೋಡಿ, ಬೇರೆಯೇ ಭಯವೆಂದು ತಿಳಿದು, ಬೆನ್ನು ತಟ್ಟಿದ. "ಹೆದರಬೇಡ ಮಾರಾಯ. ನಲವತ್ತು ವರ್ಷದಲ್ಲಿ ಇಂಥ ಬಟ್ಟೆ ನಾನು ಮುಟ್ಟಿಲ್ಲ. ಅದು ಹರಿಯೂದಲ್ಲ."

ತನ್ನ ಬಟ್ಟೆಯ ಹೊಗಳಿಕೆ ಪರಮಾನಂದನಿಗೆ ಬೇಡವೆನಿಸಿದ್ದು ಅದೇ ಮೊದಲು.

ದೋಣಿ ಧಕ್ಕೆ ದಾಟಿತು. ಚುಕ್ಕಾಣಿ ಹಿಡಿದವಳು ಒಮ್ಮೆ ತಿರುಗಿ ಕೈ ಎತ್ತಿದಳು. ಅವಳ ಕಣ್ಣ ಮುಂದೆಯೇ, ಅವಳೇ ಹಾಕಿದ ಮೂರು ಸಾಲು ಹೊಲಿಗೆಯ ಕೆಳಗೆ, ಅವಳ ಹೆಸರು ಉಸಿರು ಬಿಗಿಹಿಡಿದು ಕೂತಿತ್ತು. ಅವಳು ಅದನ್ನು ಓದಬೇಕಾದರೆ ನಡುಸಮುದ್ರದಲ್ಲಿ ಬಿರುಗಾಳಿ ಎದ್ದು ಹಾಯಿ ಹರಿಯಬೇಕು.

ಪರಮಾನಂದ ಚಪ್ಪಲಿ ಬಿಟ್ಟು, ಕೈ ಜೋಡಿಸಿ, ಆ ಕಡೆ ಯಾವ ದೇವರು ಡ್ಯೂಟಿಯಲ್ಲಿದ್ದನೋ ಅವನಿಗೆ, ಒಂದು ಎಳೆಯೂ ಹರಿಯದಿರಲಿ ಎಂದು ಬೇಡಿಕೊಂಡ.